ಅಂಚಿನ ಇರುವೆ

ಆ ಪುಸ್ತಕ ನನ್ನ ಕೈಗೆ ಸಿಗುವ ಹೊತ್ತಿಗೆ ಅದರ ರಟ್ಟೂ ಮೊದಲ ಏಳೆಂಟು ಹಾಳೆಗಳೂ ಹೋಗಿದ್ದವು. ನಮ್ಮ ಅಚ್ಚುಮನೆಯ ಗೋಂದಣ್ಣ ಅವುಗಳಲ್ಲಿ ಬಣ್ಣದ ಪಟ್ಟಿ ಒರೆಸಿ ಕಸದ ಡಬ್ಬಿಗೆ ಹಾಕಿದ್ದ. ನಮ್ಮದು ಮೇಜುಹಾಸಿಗೆ ಅಚ್ಚು ಹಾಕುವ ಕೆಲಸ. ಉದ್ದನೆಯ ಪ್ಲಾಸ್ಟಿಕ್ ಹಾಳೆಯ ಮೇಲೆ ಜಾಲರಿಯ ಚೌಕಟ್ಟು ಇಟ್ಟು, ಬಣ್ಣ ಸುರಿದು, ರಬ್ಬರ್ ಪಟ್ಟಿಯಿಂದ ಎಳೆಯುತ್ತೇವೆ. ಒಂದು ಬಣ್ಣಕ್ಕೆ ಒಂದು ಚೌಕಟ್ಟು. ಬಣ್ಣ ಬದಲಿಸುವಾಗ ಪಟ್ಟಿ ಒರೆಸಲು ಕಾಗದ ಬೇಕು, ಅದಕ್ಕೆ ರದ್ದಿ ಅಂಗಡಿಯಿಂದ ಹಳೆಯ ಪುಸ್ತಕಗಳನ್ನು ಚೀಲಗಟ್ಟಲೆ ತರಿಸುತ್ತಾರೆ. ನುಣುಪು ಕಾಗದ ಈ ಕೆಲಸಕ್ಕೆ ಬಾರದು, ಬಣ್ಣ ಜಾರುತ್ತದೆ. ಆ ಪುಸ್ತಕ ನುಣುಪಾಗಿತ್ತು. ಗೋಂದಣ್ಣ ಏಳೆಂಟು ಹಾಳೆ ಹರಿದ ಮೇಲೆ ಅದನ್ನು ಬೈದು, ಉಳಿದದ್ದನ್ನು ನಾನು ಚೌಕಟ್ಟು ತೊಳೆಯುವ ತೊಟ್ಟಿಯ ಕಡೆಗೆ ಎಸೆದ.

"ಬೆಕ್ಕೇ, ತಗೋ. ನಿಂಗೆ ಚಿತ್ರದ ಪುಸ್ತಕ."

ಬೆಕ್ಕು ಅಂದರೆ ನಾನು. ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ ಅಂತ ಆ ಹೆಸರು. ಗೋಂದಣ್ಣನಿಗೆ ಅವನ ಹೆಸರು ಬಂದದ್ದು ಕೂತಲ್ಲಿಂದ ಏಳದ ಕಾರಣಕ್ಕೆ. ಅಚ್ಚುಮನೆಯಲ್ಲಿ ಅಡ್ಡಹೆಸರಿಲ್ಲದವರು ಇಬ್ಬರೇ. ಒಬ್ಬರು ಯಜಮಾನರು. ಇನ್ನೊಬ್ಬರು ನಮ್ಮಪ್ಪ, ಎಲ್ಲರ ಬಾಯಲ್ಲಿ ಮಾಸ್ತರು.

ಊಟದ ಬಿಡುವಿನಲ್ಲಿ ಬಕೆಟ್ಟು ಬೋರಲು ಹಾಕಿ ಕೂತು ಪುಸ್ತಕ ತೆರೆದೆ. ಮೊದಲು ಸಿಕ್ಕಿದ್ದು ಒಂದು ಖಾಲಿ ಊಟದ ಕೋಣೆ. ಇಡೀ ಕೋಣೆಗೆ ಒಂದೇ ಹಸಿರು. ಗೋಡೆ, ನೆಲ, ಕುರ್ಚಿ, ಕಿಟಕಿಯ ಪರದೆ ಎಲ್ಲ ಅದೇ ಹಸಿರು, ಎಲ್ಲದರ ಸುತ್ತ ಒಂದೇ ದಪ್ಪದ ಕಪ್ಪು ಗೆರೆ. ನೆರಳಿಲ್ಲ. ದೂರದ್ದು, ಹತ್ತಿರದ್ದು ಅಂತಲೂ ಇಲ್ಲ. ಆದರೆ ಮೇಜಿನ ಮೇಲೆ ಅರ್ಧ ಸುಲಿದ ಒಂದು ಕಿತ್ತಳೆ ಇತ್ತು. ಅದು ಮಾತ್ರ ನಿಜ. ಸಿಪ್ಪೆಯ ಒಳಗಿನ ಬಿಳಿ ನಾರು, ತೊಳೆಯ ಮೇಲಿನ ತೇವ, ಉಗುರು ತಾಗಿದ ಜಾಗ. ಮುಂದಿನ ಹಾಳೆಯಲ್ಲಿ ಪೂರ್ತಿ ಬೂದು ಬಣ್ಣದ ಒಂದು ಕಚೇರಿ, ಗೂಟಕ್ಕೆ ನೇತುಹಾಕಿದ ಒದ್ದೆ ಕೊಡೆ ಒಂದೇ ನಿಜ. ಆಮೇಲೆ ಒಂದು ಕಂದು ಮೆಟ್ಟಿಲಸಾಲು, ಕೆಳಗಿನ ಮೆಟ್ಟಿಲಲ್ಲಿ ಒಂದು ನಲ್ಲಿ, ತೊಟ್ಟಿಕ್ಕುತ್ತಿದೆ.

ಕೊನೆಯ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ಶಾಲೆ ಬಿಟ್ಟದ್ದು ಎಂಟನೆಯಲ್ಲಿ. ಅಕ್ಷರ ಕೂಡಿಸಿ ಓದಿದೆ. ಬ್ರಿಟಿಷ್. ಪಾಪ್ ಆರ್ಟ್. ಪೇಂಟರ್. ಹೆಸರಿದ್ದ ಜಾಗದಲ್ಲಿ ಗೋಂದಣ್ಣನ ಹೆಬ್ಬೆರಳು ಹಸಿರಾಗಿ ಕೂತಿತ್ತು.

ಆ ಚಿತ್ರಗಳನ್ನು ನೋಡಿ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಇದನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು ಅಷ್ಟೆ. ತೊಟ್ಟಿಗೆ ನೀರು ಬಿಡುವಾಗ ಹೊಳೆಯಿತು. ನಮ್ಮ ಮನೆಯಲ್ಲಿ. ಐದು ತಿಂಗಳಿಂದ ನಮ್ಮ ಮನೆ ಹೀಗೇ ಇತ್ತು.

ಐದು ತಿಂಗಳ ಹಿಂದೆ ಒಂದು ದಿನ, ಬೆಳಗಿನ ಹನ್ನೊಂದರ ಹೊತ್ತಿಗೆ, ಅಪ್ಪನ ಕೈಯಿಂದ ಕುಂಚ ಬಿತ್ತು. ಅಪ್ಪ ಕುಂಚ ಬೀಳಿಸುವವರಲ್ಲ. ಬಿದ್ದರೆ ಎತ್ತದೆ ಇರುವವರೂ ಅಲ್ಲ. ಅದಕ್ಕೇ ನಾನು ತೊಟ್ಟಿಯಿಂದ ತಲೆಯೆತ್ತಿ ನೋಡಿದ್ದು. ಅವರು ಕೆಳಗೆ ಬಿದ್ದ ಕುಂಚವನ್ನು, ಅದು ಬೇರೆ ಯಾರದೋ ಎನ್ನುವ ಹಾಗೆ ನೋಡುತ್ತಿದ್ದರು. ಆಮೇಲೆ ಕುರ್ಚಿಯಿಂದ ಬಲಕ್ಕೆ ವಾಲಿದರು. ಕುಂಚ ಉರುಳಿದಲ್ಲಿ ನೆಲದ ಮೇಲೆ ತಿಳಿಗುಲಾಬಿ ಬಣ್ಣದ ಒಂದು ಗೆರೆ ಆಯಿತು, ಅದು ಈಗಲೂ ಇದೆ. ಲಕ್ವ ಅಂದರು. ಬಲಗೈ ಹೋಯಿತು, ಬಲಗಾಲು ಅರ್ಧ ಹೋಯಿತು, ಮಾತು ಹೋಯಿತು. ಮಾತಿನಲ್ಲಿ ಎರಡು ಉಳಿದವು. "ಹೂಂ ಬಿಡು" ಅನ್ನುವುದು ಒಂದು, "ಆಯ್ತಾ" ಅನ್ನುವುದು ಇನ್ನೊಂದು. ಹಸಿವಾದರೂ ಅದೇ, ನೋವಾದರೂ ಅದೇ, ಯಾರಾದರೂ ನೋಡಲು ಬಂದರೂ ಅದೇ.

ಆಸ್ಪತ್ರೆಯ ಬೆಂಚಿನ ಮೇಲೆ ಸೋದರತ್ತೆ ಅಮ್ಮನ ಕಿವಿಯಲ್ಲಿ, ಆದರೆ ನನಗೆ ಕೇಳಿಸುವಷ್ಟು ಗಟ್ಟಿಯಾಗಿ, ಈ ಹುಡುಗಿಗೆ ಒಂದು ಹನಿ ಕಣ್ಣೀರೂ ಬರಲಿಲ್ಲವಲ್ಲ ಅಂದರು. ಬರಲಿಲ್ಲ ನಿಜ. ಕಾಲು ಮಡಚಿ ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಮುಟ್ಟಿದರೆ ಪಕ್ಕದವರ ಕಾಲು ಮುಟ್ಟಿದ ಹಾಗಿರುತ್ತದಲ್ಲ, ಹಾಗಿತ್ತು. ಕಾಲಿನ ಜೋಮು ಬಿಡುವಾಗ ಚುಚ್ಚುತ್ತದೆ. ಇದು ಚುಚ್ಚಲೂ ಇಲ್ಲ. ಮನೆಯಲ್ಲಿ ಕುರ್ಚಿ ಇತ್ತು, ಮೇಜಿತ್ತು, ಅಮ್ಮ ಇದ್ದಳು, ಎಲ್ಲದಕ್ಕೂ ಸುತ್ತ ಗೆರೆ ಇತ್ತು. ಒಳಗೆ ಏನಿದೆ ಅಂತ ನಾನು ನೋಡಲು ಹೋಗುತ್ತಿರಲಿಲ್ಲ.

ಅಪ್ಪನ ಕೆಲಸ ಗುಲಾಬಿ. ಇಪ್ಪತ್ತು ವರ್ಷ ಅವರು ಮೇಜುಹಾಸಿಗೆ ಗುಲಾಬಿ ಬರೆದಿದ್ದರು. ಒಂದೊಂದು ಬಣ್ಣಕ್ಕೆ ಒಂದೊಂದು ಪಾರದರ್ಶಕ ಫಿಲ್ಮು. ಫಿಲ್ಮಿನ ಮೇಲೆ ಕಪ್ಪು ಶಾಯಿಯಲ್ಲಿ ಎಷ್ಟು ಬರೆದಿದೆಯೋ ಅಷ್ಟೇ ಆ ಬಣ್ಣ ಹಾಸಿನ ಮೇಲೆ ಬೀಳುತ್ತದೆ. ಅಪ್ಪನ ಗುಲಾಬಿಗೆ ಏಳು ಫಿಲ್ಮು. ಏಳೂ ಒಂದರ ಮೇಲೊಂದು ಸರಿಯಾಗಿ ಕೂರಲೆಂದು ಅಂಚಿನಲ್ಲಿ ಪ್ಲಸ್ ಗುರುತು ಇರುತ್ತದೆ. ಆ ಅಂಚು ಕೊನೆಗೆ ಕತ್ತರಿಸಿ ಹೋಗುತ್ತದೆ, ಕೊಳ್ಳುವವರಿಗೆ ಕಾಣುವುದಿಲ್ಲ. ಬರೆಯುವವರು ತಮ್ಮ ಗುರುತನ್ನೂ ಅಲ್ಲೇ ಹಾಕುತ್ತಾರೆ. ಕೆಲವರದು ಅಕ್ಷರ, ಕೆಲವರದು ಚುಕ್ಕಿ. ಅಪ್ಪನದು ಇರುವೆ. ಕಪ್ಪು ಬಣ್ಣದ ಫಿಲ್ಮಿನ ಅಂಚಿನಲ್ಲಿ, ಪ್ಲಸ್ ಗುರುತಿನ ಪಕ್ಕ, ಒಂದೇ ಕೂದಲಿನ ಕುಂಚದಿಂದ ಬರೆದ ಇರುವೆ. ಆರು ಕಾಲು, ಎರಡು ಮೀಸೆ, ಹಿಂಭಾಗದ ಮೇಲೆ ಸಾಸಿವೆಯ ಚೂರಿನಷ್ಟು ಹೊಳಪು. ಮಾತು ಬರುವ ಮೊದಲೇ ನಾನು ನೋಡಿದ ಇರುವೆ ಅದು. ಫಿಲ್ಮು ತಿದ್ದುವ ಕೆಲಸ ಕಲಿಯುವಾಗ ಅಪ್ಪ ಮೊದಲು ಹೇಳಿಕೊಟ್ಟದ್ದೇ ಅದು. ಇರುವೆ ಇದ್ದ ಕಡೆ ನೋಡಬೇಡ, ಅದು ಅಂಚು, ಕತ್ತರಿಸಿ ಹೋಗುತ್ತದೆ.

ಯಜಮಾನರು ಕೆಟ್ಟವರಲ್ಲ. ಅಪ್ಪ ಮಲಗಿದ ಮೇಲೆ ಮನೆಗೆ ಬಂದು ಹೋದರು. ಎಡಗೈಯಲ್ಲಾದರೂ ಸರಿ, ಮನೆಯಲ್ಲೇ ಕೂತು ಡಿಸೈನು ಮಾಡಿಕೊಡಲಿ, ಡಿಸೈನು ಬರುವವರೆಗೆ ಮಾಸ್ತರ ಹೆಸರು ಹಾಜರಿ ಪುಸ್ತಕದಲ್ಲಿರುತ್ತದೆ, ಸಂಬಳವೂ ನಿಲ್ಲುವುದಿಲ್ಲ ಅಂದರು. ಅಪ್ಪ "ಹೂಂ ಬಿಡು" ಅಂದರು. ಯಜಮಾನರು ಅದನ್ನು ಒಪ್ಪಿಗೆ ಅಂದುಕೊಂಡು ಹೋದರು. ಅವರು ಬೀದಿ ತಿರುಗುವ ತನಕ ಅಮ್ಮ ಬಾಗಿಲಲ್ಲಿ ನಿಂತಿದ್ದು, ಒಳಗೆ ಬಂದು ನನ್ನ ಮುಂದೆ ಪೆನ್ಸಿಲು ಇಟ್ಟಳು.

"ನೀನು ಮಾಡು. ಅಪ್ಪಂದು ಅನ್ನು. ನಿಂದು ಅಂದ್ರೆ ಬಿಚ್ಚಿ ನೋಡೋದಕ್ಕೆ ಮುಂಚೇನೇ ಬೇಡ ಅಂತಾರೆ."

ಹಾಗೆ ಎರಡು ಮಾಡಿದೆ. ಮಾಡಿದೆ ಅನ್ನುವುದಕ್ಕಿಂತ ಕದಲಿಸಿದೆ ಅನ್ನಬೇಕು. ಹಳೆಯ ಗುಲಾಬಿಗಳನ್ನು ಎಡದಿಂದ ಬಲಕ್ಕೆ, ಮೂಲೆಯಿಂದ ನಡುವಿಗೆ ಸರಿಸಿದೆ. ಯಜಮಾನರು ತೆಗೆದುಕೊಂಡರು. ತೆಗೆದುಕೊಳ್ಳುವಾಗ ನನ್ನ ಮುಖ ನೋಡಿದರು. ನಾನು ಅವರ ಚಪ್ಪಲಿ ನೋಡಿದೆ.

ಪುಸ್ತಕ ಸಿಕ್ಕ ವಾರವೇ ಅವರು ನನ್ನನ್ನು ತೊಟ್ಟಿಯ ಹತ್ತಿರದಿಂದ ಕರೆದರು. ಒಂದು ದೊಡ್ಡ ಅಂಗಡಿ, ಹಲವು ಊರುಗಳಲ್ಲಿ ಶಾಖೆಗಳಿರುವುದು, ನಮ್ಮ ಅರ್ಧಕ್ಕರ್ಧ ಮಾಲು ಕೊಳ್ಳುತ್ತದೆ. ಅಲ್ಲಿಯ ಖರೀದಿ ಮೇಡಂ ಪತ್ರ ಬರೆದಿದ್ದರು.

"ಮಾಸ್ತರಿಗೆ ಹೇಳು. ಮೇಡಂಗೆ ಹೂವು ನೋಡಿ ನೋಡಿ ಸಾಕಾಗಿದೆಯಂತೆ. ಹೊಸದೇನಾದ್ರೂ ಬೇಕು. ಐದೇ ಬಣ್ಣ, ಹದಿನೈದು ದಿನ. ಈ ಸಲ ಒಪ್ಪಲಿಲ್ಲ ಅಂದ್ರೆ ನಾನೂ ಏನೂ ಮಾಡೋಕಾಗಲ್ಲ ಮಗು. ಕಂಪ್ಯೂಟರಿನವನನ್ನ ಕರೀಬೇಕು. ಮೇಜು ಅವನಿಗೆ ಬೇಕಾಗತ್ತೆ."

ಅಪ್ಪನ ಮೇಜು ಉತ್ತರದ ಕಿಟಕಿಯ ಕೆಳಗಿದೆ. ಐದು ತಿಂಗಳಿಂದ ಅದರ ಮೇಲೆ ಯಾರೂ ಏನೂ ಇಟ್ಟಿರಲಿಲ್ಲ. ನಾನು ದಿನಾ ಸಂಜೆ ಅದನ್ನು ಒರೆಸುತ್ತಿದ್ದೆ. ಒಂದು ದಿನ ಒರೆಸಿ, ಯಾರೂ ಇಲ್ಲವೆಂದು ಕುರ್ಚಿಯಲ್ಲಿ ಕೂತು ನೋಡಿದ್ದೆ. ಗೋಂದಣ್ಣ ಕಂಡಿದ್ದ. ಅಳಿದೂರಿಗೆ ಉಳಿದವನೇ ಗೌಡ ಅಂತ ಹಾಡಿನ ಹಾಗೆ ಹೇಳುತ್ತಾ ಹೋಗಿದ್ದ. ಆ ಮೇಜು ನನಗೆ ಬೇಕಾಗಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಪ್ಪ ಇನ್ನೂ ಇರುವಾಗ ಅವರ ಮೇಜು ಬೇಕು ಅನ್ನುವುದು ಹೇಳುವಂಥ ಮಾತೂ ಅಲ್ಲ.

ಪುಸ್ತಕವನ್ನು ಮನೆಗೆ ಒಯ್ದು ಅಪ್ಪನ ಮುಂದೆ ತೆರೆದೆ. ಅವರು ಎಡಗೈಯಲ್ಲಿ ಹಾಳೆ ತಿರುವಿದರು. ಕಪ್ಪು ಗೆರೆಯ ಮೇಲೆ ಉಗುರು ಎಳೆದು, ದಪ್ಪ ಎಲ್ಲಾದರೂ ತಪ್ಪಿದೆಯೋ ಎಂದು ನೋಡಿದರು. ತಪ್ಪಿರಲಿಲ್ಲ. ಕಿತ್ತಳೆಯ ಹಾಳೆಯಲ್ಲಿ ಅವರ ಕೈ ತುಂಬ ಹೊತ್ತು ನಿಂತಿತು. ಅಮ್ಮ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಇದೇನೇ ಇದು, ಕಿತ್ತಳೆ ಬರೆಯೋದ್ರಲ್ಲೇ ಬಣ್ಣ ತೀರಿಹೋಯ್ತಾ ಅವನಿಗೆ?"

ಅಪ್ಪ ಹೂಂ ಬಿಡು ಅಂದರು. ಯಾರಿಗೆ ಅಂತ ಗೊತ್ತಾಗಲಿಲ್ಲ.

ನಾನು ನಮ್ಮ ಅಡುಗೆಕೋಣೆಯನ್ನೇ ಬರೆದೆ. ಬೇರೆ ಕೋಣೆ ಯೋಚಿಸುವ ಶಕ್ತಿ ಇರಲಿಲ್ಲ, ಅದು ಕಣ್ಣ ಮುಂದೆ ಇತ್ತು. ಮೇಜು. ಅದರ ಮೇಲೆ ಒಂದು ಹೂಜಿ. ಮೂರು ಕುರ್ಚಿ, ಅದರಲ್ಲಿ ಒಂದು ಅಪ್ಪನ ಕಾಲಿಗೆ ಅನುಕೂಲವಾಗಲೆಂದು ಓರೆಯಾಗಿ ಇಟ್ಟದ್ದು. ಕಿಟಕಿ, ನೇತಾಡುವ ದೀಪ, ಗೋಡೆಯ ಮೊಳೆಗೆ ಸಿಕ್ಕಿಸಿದ ಒರೆಸುವ ಬಟ್ಟೆ. ಒಂದೇ ದಪ್ಪದ ಗೆರೆ ಎಳೆಯುವುದು ನನಗೆ ಕಷ್ಟವಾಗಲಿಲ್ಲ. ಆರು ವರ್ಷ ಫಿಲ್ಮು ತಿದ್ದಿದ ಕೈ. ಎಲ್ಲಕ್ಕೂ ಒಂದೇ ನೀಲಿ. ತೊಳೆದ ಮೇಲೆ ಬಕೆಟ್ಟಿನ ತಳದಲ್ಲಿ ಉಳಿಯುತ್ತದಲ್ಲ, ಆ ನೀಲಿ. ಬರೆಯುತ್ತಾ ಹೋದಂತೆ ಒಂದು ವಿಷಯ ಅರ್ಥವಾಯಿತು. ಆ ಚಿತ್ರಕಾರ ಬಣ್ಣ ತುಂಬದೆ ಬಿಟ್ಟದ್ದು ಸೋಮಾರಿತನಕ್ಕಲ್ಲ. ಉಳಿದದ್ದೆಲ್ಲ ಸುಮ್ಮನಿದ್ದರೆ ಮಾತ್ರ ಆ ಒಂದು ವಸ್ತು ಮಾತಾಡುತ್ತದೆ.

ಆ ಒಂದು ವಸ್ತು ನನ್ನಿಂದ ಆಗಲಿಲ್ಲ. ಲೋಟ ಬರೆದೆ, ಬೀಗದ ಕೈ ಬರೆದೆ, ಅಮ್ಮನ ಕನ್ನಡಕ ಬರೆದೆ. ಎಷ್ಟು ನೆರಳು ತುಂಬಿದರೂ ಅವೂ ಗೆರೆಯಾಗಿಯೇ ಉಳಿದವು. ನನಗೆ ಗೆರೆ ಬರುತ್ತದೆ, ಒಳಗಿನದು ಬರುವುದಿಲ್ಲ. ನಾಲ್ಕು ದಿನ ಹೋಯಿತು. ಐದನೆಯ ದಿನ ಅಪ್ಪನ ಮೇಜಿನ ಕೆಳಗಿದ್ದ ತಗಡಿನ ಕೊಳವೆಗಳಿಂದ ಒಂದು ಹಳೆಯ ಗುಲಾಬಿಯ ಏಳು ಫಿಲ್ಮುಗಳನ್ನು ತೆಗೆದು, ಸುರುಳಿ ಸುತ್ತಿ ಮನೆಗೆ ತಂದೆ.

ಅಚ್ಚುಮನೆಯಲ್ಲಿ ಫಿಲ್ಮು ನೋಡಲು ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿದೆ. ಮನೆಯಲ್ಲಿ ಕಿಟಕಿಯೇ ಗತಿ. ಬೆಳಗಿನ ಬಿಸಿಲಿನಲ್ಲಿ ಏಳು ಫಿಲ್ಮುಗಳನ್ನೂ ಗಾಜಿಗೆ ಒಂದರ ಮೇಲೊಂದು ಅಂಟಿಸಿ, ಅಪ್ಪನ ಕುರ್ಚಿಯನ್ನು ಎದುರಿಗೆ ಎಳೆದೆ. ಎಲ್ಲವೂ ಕಪ್ಪು ಶಾಯಿಯವೇ, ಆದರೆ ಯಾವುದು ಯಾವ ಬಣ್ಣ ಅಂತ ನಮ್ಮ ಕಣ್ಣಿಗೆ ಗೊತ್ತು. ಐದು ಬೆರಳು ತೋರಿಸಿದೆ. ಎರಡು ಮಡಚಿದೆ. ಕೋಣೆಯ ಕಪ್ಪು, ಕೋಣೆಯ ನೀಲಿ. ಮೂರು ಉಳಿದವು. ಅಪ್ಪ ನನ್ನ ಬೆರಳು ನೋಡಿದರು, ಗುಲಾಬಿ ನೋಡಿದರು. ಎಡಗೈ ಚಾಚಿ ಮೊದಲು ಎಳೆಹಸಿರನ್ನು ಕಿತ್ತರು. ಆಮೇಲೆ ಕಂದು. ಕಪ್ಪನ್ನು ಹೇಗೂ ಕೋಣೆಯ ಕಪ್ಪಿಗೆ ಸೇರಿಸಬಹುದು, ಅದನ್ನು ಪಕ್ಕಕ್ಕೆ ಇಟ್ಟರು. ಇನ್ನು ನಾಲ್ಕು ಇದ್ದವು. ಹಸಿರು, ಕಡುಗೆಂಪು, ಕೆಂಪು, ತಿಳಿಗುಲಾಬಿ. ನಾನಾಗಿದ್ದರೆ ತಿಳಿಗುಲಾಬಿಯನ್ನು ತೆಗೆಯುತ್ತಿದ್ದೆ. ಅಪ್ಪ ನಡುವಿನ ಕೆಂಪನ್ನು ತೆಗೆದರು. ಗುಲಾಬಿಯಿಂದ ಕೆಂಪನ್ನೇ ತೆಗೆದರು ಅಂದುಕೊಂಡೆ. ಹಿಂದೆ ಸರಿದು ನಿಂತು ಗಾಜಿನ ಮೇಲೆ ಉಳಿದದ್ದನ್ನು ನೋಡಿದರೆ, ಕಡು ಮತ್ತು ತಿಳಿ ಎರಡರ ನಡುವೆ ಕಣ್ಣು ತಾನಾಗಿಯೇ ಕೆಂಪನ್ನು ತುಂಬಿಕೊಳ್ಳುತ್ತಿತ್ತು. ಹೂವು ಎಲ್ಲಿಗೂ ಹೋಗಿರಲಿಲ್ಲ.

"ಆಯ್ತಾ," ಅಂದರು ಅಪ್ಪ.

ಆ ಮೂರರಿಂದಲೂ ಪಕ್ಕಕ್ಕಿಟ್ಟ ಕಪ್ಪಿನಿಂದಲೂ ಹೂವಿನ ಭಾಗವನ್ನು ಬ್ಲೇಡಿನಿಂದ ಕತ್ತರಿಸಿ, ನನ್ನ ಹೊಸ ಫಿಲ್ಮುಗಳ ಮೇಲೆ, ಗೆರೆಯಲ್ಲಿ ಬರೆದ ಹೂಜಿಯ ಬಾಯಿಗೆ ಸರಿಯಾಗಿ ಅಂಟಿಸಿದೆ. ಹಳೆಯ ಡಿಸೈನಿನಲ್ಲಿ ಆ ಗುಲಾಬಿ ಹಾಸಿನ ಕೆಳತುದಿಯಲ್ಲಿತ್ತು, ದೇಟು ಅಂಚಿನವರೆಗೂ ಇಳಿದಿತ್ತು. ಮುಗಿದ ಮೇಲೆ ಮತ್ತೆ ಕಿಟಕಿಗೆ ಅಂಟಿಸಿ ಅಪ್ಪನಿಗೆ ತೋರಿಸಿದೆ. ಅವರು ಬಗ್ಗಿ ನೋಡಿದರು. ಹೂಜಿಯ ಕೆಳಗೆ, ಮೇಜು ಇರುವಲ್ಲಿ, ಎಡಗೈಯ ಬೆರಳಿನಿಂದ ಗಾಜನ್ನು ಎರಡು ಸಲ ಬಡಿದರು. ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ ಅಂತ ನಾನು ಪರದೆ ಎಳೆದೆ.

ಮಾದರಿ ಅಚ್ಚು ಹಾಕಿದ್ದು ಗೋಂದಣ್ಣನೇ. ಮೊದಲು ನೀಲಿ ಎಳೆದ. ಗುಲಾಬಿಯ ಮೂರು ಬಣ್ಣ ಬಿದ್ದಾಗ ಹುಬ್ಬೇರಿಸಿದ. ಕೊನೆಗೆ ಕಪ್ಪು ಎಳೆದು, ಚೌಕಟ್ಟು ಎತ್ತಿ, ಸೊಂಟ ಹಿಡಿದು ನಿಂತ.

"ಗುಲಾಬಿ ಮಾಸ್ತರದು, ಸರಿ. ಮನೆ ಯಾರದು ಬೆಕ್ಕೇ?"

ನಾನು ಚೌಕಟ್ಟು ಎತ್ತಿಕೊಂಡು ತೊಟ್ಟಿಗೆ ಹೋದೆ. ಹಸಿ ಕಪ್ಪಿನ ಹತ್ತಿರ ನಮ್ಮಲ್ಲಿ ಯಾರೂ ಮುಖ ಒಯ್ಯುವುದಿಲ್ಲ. ಒಣಗಿದ ಮೇಲೆ ಸುತ್ತಿ ಯಜಮಾನರ ಕೋಣೆಗೆ ಹೋಯಿತು.

ಮರುದಿನ ಖರೀದಿ ಮೇಡಂ ಬಂದರು. ಯಜಮಾನರು ನನ್ನನ್ನೂ ಕರೆದರು. ಮಾಸ್ತರ ಪರವಾಗಿ ಯಾರಾದರೂ ಇರಲಿ ಅಂತ. ನಾನು ಬಾಗಿಲ ಪಕ್ಕ, ಫೈಲುಗಳ ಬೀರುವಿಗೆ ಒರಗಿ ನಿಂತೆ. ಮೇಡಂ ಐವತ್ತರ ಹತ್ತಿರದವರು, ಕನ್ನಡಕ ಎದೆಯ ಮೇಲೆ ದಾರದಲ್ಲಿ ನೇತಾಡುತ್ತಿತ್ತು. ಯಜಮಾನರು ತಮ್ಮ ಮೇಜನ್ನು ಖಾಲಿ ಮಾಡಿ ಮಾದರಿಯನ್ನು ಅದರ ಮೇಲೆ ಹಾಸಿದರು. ಮೇಡಂ ಕುರ್ಚಿಗಳ ಗೆರೆಯನ್ನು ನೋಡಿದರು, ದೀಪವನ್ನು ನೋಡಿದರು. ಗುಲಾಬಿಯ ಹತ್ತಿರ ಬಂದಾಗ ಅಂಗೈಯಲ್ಲಿ ಸವರಿದರು, ಕೊಳ್ಳುವವರೆಲ್ಲ ಸವರುವ ಹಾಗೆ. ಆಮೇಲೆ ಹೂಜಿಯ ಕೆಳಗೆ ಉಗುರಿನಿಂದ ಏನನ್ನೋ ಕೊಡವಿದರು. ಅದು ಹೋಗಲಿಲ್ಲ. ಇನ್ನೊಮ್ಮೆ ಕೊಡವಿದರು. ಕೈಚೀಲದಿಂದ ಕರವಸ್ತ್ರ ತೆಗೆದು ಒತ್ತಿ ಒರೆಸಲು ಹೋಗಿ, ನಿಂತು, ಕನ್ನಡಕ ಏರಿಸಿ ಬಗ್ಗಿದರು.

"ಇರುವೆ," ಅಂದರು. ನಗುತ್ತಿದ್ದರು. "ಅಚ್ಚಿನ ಇರುವೆ."

ಆಗ ನನಗೆ ಕಂಡಿತು. ನಿಂತಲ್ಲಿಂದಲೇ ಕಂಡಿತು. ನೀಲಿ ಮೇಜಿನ ಮೇಲೆ, ಹೂಜಿಯ ಕೆಳಗೆ, ಅಪ್ಪನ ಇರುವೆ ನಡೆಯುತ್ತಿತ್ತು. ದೇಟಿನ ಜೊತೆಗೆ ನಾನು ಅದನ್ನೂ ಕತ್ತರಿಸಿ ತಂದಿದ್ದೆ. ಫಿಲ್ಮಿನಲ್ಲಿ ಒಂದು ಧೂಳಿನ ಚುಕ್ಕಿ ಇದ್ದರೂ ಹೆಕ್ಕುವ ಕಣ್ಣು ಅದರ ಮೇಲೆ ಹತ್ತು ಸಲ ಹಾದುಹೋಗಿತ್ತು. ಇರುವೆ ಇದ್ದ ಕಡೆ ನೋಡುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಆ ಕೋಣೆಯಲ್ಲಿ ನಿಜವಾಗಿದ್ದದ್ದು ಗುಲಾಬಿಯಲ್ಲ, ಅದೇ.

ಅಪ್ಪ ಗಾಜನ್ನು ಎರಡು ಸಲ ಬಡಿದದ್ದು ನೆನಪಾಯಿತು. ತೆಗೆ ಅಂದರೋ, ಇರಲಿ ಅಂದರೋ. ಕೇಳಿದರೆ ಎರಡಕ್ಕೂ ಉತ್ತರ ಒಂದೇ ಬರುತ್ತದೆ.

ಯಜಮಾನರು ಬಗ್ಗಿ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಅವರು ಕುರ್ಚಿ ಎಳೆದು ಕೂತರು.

"ಇದು ಮಾಸ್ತರ ಇರುವೆ," ಅಂತ ಮೇಡಂಗೆ ಹೇಳಿದರು. "ಇಪ್ಪತ್ತು ವರ್ಷದಿಂದ ಅಂಚಲ್ಲಿ ಹಾಕ್ತಿದ್ರು. ಕೈ ಹೋದ್ರೂ ಇರುವೆ ಬಿಟ್ಟಿಲ್ಲ ನೋಡಿ." ಆಮೇಲೆ ನನ್ನ ಕಡೆ ತಿರುಗಿದರು. ಅವರ ದನಿ ಬೇರೆಯಾಗಿತ್ತು. "ನಾನು ಅನುಮಾನ ಪಟ್ಟಿದ್ದೆ ಮಗು. ನೀನೇ ಮಾಡಿ ತಂದು ಕೊಡ್ತಿದೀಯೇನೋ ಅಂತ. ತಪ್ಪು ನಂದು."

ನಾನು ಸುಮ್ಮನಿದ್ದರೆ ಸಾಕಾಗಿತ್ತು. ಸುಮ್ಮನಿರುವುದು ನನಗೆ ಬರುವ ಕೆಲಸ. ಸುಮ್ಮನಿದ್ದರೆ ಅಪ್ಪನ ಹೆಸರು ಹಾಜರಿ ಪುಸ್ತಕದಲ್ಲಿರುತ್ತದೆ, ಮೇಜು ಖಾಲಿಯಾಗಿ ಕಿಟಕಿಯ ಕೆಳಗೆ ಇರುತ್ತದೆ, ನಾನು ಸಂಜೆ ಸಂಜೆ ಒರೆಸುತ್ತೇನೆ. ಮೇಡಂ ಆಗಲೇ ಮಾತು ಮುಂದುವರಿಸಿದ್ದರು. ಇದು ತಮಗೆ ಬೇಕು, ಇದೇ ಥರ ಇನ್ನೂ ಮೂರು ಕೋಣೆ ಬೇಕು, ಒಂದೊಂದು ಕೋಣೆಗೆ ಒಂದೊಂದು ಬಣ್ಣ, ಇರುವೆ ಮಾತ್ರ ತೆಗೆಯಬೇಕು, ಊಟದ ಮೇಜಿಗೆ ಇರುವೆಯನ್ನು ಕಾಸು ಕೊಟ್ಟು ತರುವವರು ಯಾರು. ಮಾಡಿದವರ ಹತ್ತಿರ ಒಂದು ಮಾತು ಕೇಳಬೇಕಿತ್ತು ಅಂದರು. ಈ ಒಂದು ಕುರ್ಚಿ ಯಾಕೆ ಓರೆಯಾಗಿದೆ?

ಮಾಸ್ತರಿಗೆ ಮಾತು ಬರುವುದಿಲ್ಲ ಅಂತ ಯಜಮಾನರು ಹೇಳಲು ಹೊರಟಿದ್ದರು.

"ಅಪ್ಪನ ಕಾಲು ಚಾಚೋಕೆ," ಅಂದೆ ನಾನು.

ಇಬ್ಬರೂ ತಿರುಗಿದರು. ಬೀರುವಿನ ಹಿಡಿ ಬೆನ್ನಿಗೆ ಒತ್ತುತ್ತಿತ್ತು.

"ಕುರ್ಚಿ ನಂದು. ಮೇಜು, ಕಿಟಕಿ, ದೀಪ ಎಲ್ಲ ನಾನು ಬರೆದದ್ದು. ಗುಲಾಬಿ ಅಪ್ಪಂದು, ಹಳೇದು. ಯಾವ ಮೂರು ಬಣ್ಣ ಅಂತ ಆರಿಸಿದ್ದೂ ಅಪ್ಪ. ಇರುವೇನೂ ಅಪ್ಪಂದೇ. ಅದು ನಂಗೆ ಕಾಣಲೇ ಇಲ್ಲ."

ಯಾಕೆ ಹೇಳಿದೆ ಅಂತ ಕೇಳಿದರೆ ಗೊತ್ತಿಲ್ಲ. ಧೈರ್ಯ ಬಂದಿತ್ತು ಅನ್ನಲಾರೆ. ಅವರು ಕುರ್ಚಿಯ ವಿಷಯ ಕೇ‍ಳಿದರು, ಕುರ್ಚಿಯ ವಿಷಯ ನನಗೆ ಗೊತ್ತಿತ್ತು.

ಯಜಮಾನರು ಮೇಜುಹಾಸಿನ ಅಂಚನ್ನು ನೇರ ಮಾಡಿದರು. ಹಿಂದಿನ ಎರಡು ಯಾರದು ಅಂತ ಕೇಳಿದರು. ನನ್ನವೇ ಅಂದೆ. ಹೂಂ ಅಂದರು. ಈ ರೀತಿ ಎಲ್ಲಿ ಕಲಿತದ್ದು ಅಂತ ಮೇಡಂ ಕೇಳಿದರು. ಒಬ್ಬ ಬ್ರಿಟಿಷ್ ಪೇಂಟರ್, ಪಾಪ್ ಆರ್ಟಿನವರು, ಅವರ ಪುಸ್ತಕ ನೋಡಿ ಅಂದೆ. ಯಾರು ಅಂತ ಕೇಳಿದರು.

"ಹೆಸರು ಗೊತ್ತಿಲ್ಲ ಮೇಡಂ. ಗೋಂದಣ್ಣ ಒರೆಸಿಬಿಟ್ಟ."

ಅವರಿಗೆ ಅರ್ಥವಾಗಲಿಲ್ಲ. ಆದರೂ ತಲೆಯಾಡಿಸಿದರು. ಮೂರು ಕೋಣೆಗೆ ಒಂದು ತಿಂಗಳು ಸಾಕಾ ಅಂತ ನನ್ನನ್ನೇ ಕೇಳಿದರು. ಸಾಕು ಅಂದೆ.

ಅವರು ಹೋದ ಮೇಲೆ ಯಜಮಾನರು ನನ್ನನ್ನು ನಿಲ್ಲಿಸಿಕೊಂಡರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಕೇಳಿಸಿಕೊಳ್ಳುವುದು ಸುಲಭವಾಗುತ್ತಿತ್ತು.

"ಮೇಜು ನಿಂದೇ ಮಗು, ನಾಳೆಯಿಂದ ಕೂತ್ಕೋ. ಆದ್ರೆ ಮಾಸ್ತರ ಹೆಸರು ಇನ್ನು ಇಟ್ಕೊಳ್ಳೋಕಾಗಲ್ಲ. ಗೊತ್ತಿಲ್ಲದಿದ್ದಾಗ ಇಟ್ಟಿದ್ದೆ. ಗೊತ್ತಾದ ಮೇಲೆ ಹೇಗೆ ಇಟ್ಕೊಳ್ಳಲಿ?"

ನನ್ನ ಎದುರಿಗೇ ಹಾಜರಿ ಪುಸ್ತಕ ತೆಗೆದು, ಅಡಿಪಟ್ಟಿ ಇಟ್ಟು, ಅಪ್ಪನ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು. ಒಂದೇ ದಪ್ಪದ ಗೆರೆ. ಕೆಳಗಿನ ಸಾಲಿನಲ್ಲಿ ನನ್ನ ಪೂರ್ತಿ ಹೆಸರು ಬರೆದರು. ಆ ಹೆಸರಿನಿಂದ ನನ್ನನ್ನು ಅಲ್ಲಿ ಯಾರೂ ಕರೆಯುವುದಿಲ್ಲ. ಇದು ಯಾರು ಅಂತ ಗೊತ್ತಾಗಲು ನನಗೇ ಒಂದು ಗಳಿಗೆ ಹಿಡಿಯಿತು.

ಇರುವೆಯನ್ನು ಅವತ್ತೇ ತೆಗೆದೆ. ಅಪ್ಪನ ಮೇಜಿನ ಮೇಲೆ ಕಪ್ಪು ಫಿಲ್ಮನ್ನು ಹಾಸಿ, ಭೂತಗನ್ನಡಿ ಹಿಡಿದು, ಬ್ಲೇಡಿನ ಮೂಲೆಯಿಂದ ಕೆರೆದೆ. ಮೊದಲು ಮೀಸೆ, ಆಮೇಲೆ ಕಾಲುಗಳು, ಒಂದೊಂದಾಗಿ ಆರು. ಕಾಲಿಲ್ಲದ ಮೇಲೆ ಅದು ಇರುವೆಯಂತೆ ಕಾಣಲಿಲ್ಲ, ಮಸಿಯ ಮೂರು ಬೊಟ್ಟು. ಅವನ್ನೂ ಕೆರೆದೆ. ಫಿಲ್ಮಿನ ಮೇಲೆ ಎಲ್ಲಿಂದಲೋ ಕೆಂಪು ಬಂದಿತ್ತು. ಯಾವ ಬಣ್ಣದ ಡಬ್ಬಿ ಚೆಲ್ಲಿದೆ ಅಂತ ಸುತ್ತ ನೋಡಿದೆ. ಬೆರಳಿನದು. ಯಾವಾಗ ತಾಗಿತೋ ತಿಳಿಯಲಿಲ್ಲ. ಗೋಂದಣ್ಣ ಏನೂ ಹಾಡದೆ ಬಂದು, ಪಟ್ಟಿ ಒರೆಸುವ ಕಾಗದದ ಚೂರೊಂದನ್ನು ಮೇಜಿನ ಮೇಲಿಟ್ಟು ಹೋದ. ನುಣುಪಿಲ್ಲದ್ದು, ಹೀರುವಂಥದ್ದು.

ಮಾದರಿ ಹಾಸನ್ನು ಯಜಮಾನರು ಮನೆಗೆ ಒಯ್ಯಲು ಕೊಟ್ಟರು. ಅಮ್ಮ ಎಲ್ಲ ಕೇಳಿದಳು, ಕೇಳಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು.

"ಹುಟ್ಟಿದಾಗಿಂದ ಬಾಯಿ ಬಿಡದವಳು ಬಾಯಿ ಬಿಟ್ಟಿದ್ದು ಇದಕ್ಕಾ?"

ಅವಳು ಮತ್ತೆ ನಲ್ಲಿ ತಿರುಗಿಸಿದಳು. ನೀರಿನ ಸದ್ದಿನಲ್ಲಿ ಇನ್ನೂ ಏನೋ ಹೇಳುತ್ತಿದ್ದಳು, ಕೇಳಿಸಲಿಲ್ಲ.

ಹಾಸನ್ನು ನಮ್ಮ ಮೇಜಿನ ಮೇಲೆ ಹಾಸಿದೆ. ನಮ್ಮ ಅಡುಗೆಕೋಣೆಯಲ್ಲಿ, ನಮ್ಮ ಮೇಜಿನ ಮೇಲೆ, ನಮ್ಮ ಅಡುಗೆಕೋಣೆ. ಅಪ್ಪ ಓರೆ ಕುರ್ಚಿಯಲ್ಲಿ ಕೂತರು. ಗುಲಾಬಿಯನ್ನು ನೋಡಲಿಲ್ಲ. ನೇರ ಇರುವೆಯನ್ನೇ ನೋಡಿದರು. ಈ ಒಂದು ಹಾಳೆಯಲ್ಲಿ ಮಾತ್ರ ಅದು ಇತ್ತು, ಮುಂದೆ ಸಾವಿರ ಹಾಕಿದರೂ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದದ್ದನ್ನು ಹೇಳಿದೆ. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ, ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅಪ್ಪ ಆ ಎರಡು ಮಾತುಗಳನ್ನೂ ಅನ್ನಲಿಲ್ಲ. ಎಡಗೈಯಿಂದ ತಮ್ಮ ಬಲಗೈಯ ಮಣಿಕಟ್ಟು ಹಿಡಿದು, ತೊಡೆಯ ಮೇಲಿಂದ ಎತ್ತಿ, ಮೇಜಿನ ಮೇಲೆ ತಂದು ಇರುವೆಯ ಮೇಲೆ ಇಟ್ಟರು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಚಪ್ಪಟೆ ಮಾಡಿದರು. ಆಮೇಲೆ ಎಡಗೈ ಹಿಂದಕ್ಕೆ ತೆಗೆದುಕೊಂಡರು.

ಊಟದ ಹೊತ್ತಾಗಿತ್ತು. ಅಮ್ಮ ತಟ್ಟೆಗಳನ್ನು ತಂದು ನನ್ನ ಕೈಗೆ ಕೊಟ್ಟಳು. ಕೈ ಅಲ್ಲೇ ಇತ್ತು. ನಾನು ಅದನ್ನು ಸರಿಸಲಿಲ್ಲ. ತಟ್ಟೆಗಳನ್ನು ಅದರ ಸುತ್ತ ಇಟ್ಟೆ.